ಡಿಸ್ಕಿಗೆ ಬಿಟ್ಟ ಎಣ್ಣೆ

ಕಿರ್ರೆನ್ನುವ ಯಾವುದನ್ನೂ ನಾನು ಸಹಿಸಲಾರೆ. ಬಾಗಿಲು, ತೊಟ್ಟಿಲು, ಅಮ್ಮನ ಹೊಲಿಗೆ ಮಿಷನ್ನು, ಎಲ್ಲಕ್ಕೂ ನನ್ನದು ಒಂದೇ ಮದ್ದು: ಎರಡು ತೊಟ್ಟು ಕಡಲೆಕಾಯಿ ಎಣ್ಣೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಇಷ್ಟಾದರೂ ವಿದ್ಯೆ ಇದೆಯಲ್ಲ ಎಂದು ಬೀಗುತ್ತಿದ್ದೆ.

ತಂಗಿ ಸುಜಾತ ಮಿಡಿಗೇಶಿಯ ಶಾಲೆಯಲ್ಲಿ ಟೀಚರು. ಮಧುಗಿರಿಯ ನಮ್ಮ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಾಳೆ. ಅದರ ಮುಂದಿನ ಬ್ರೇಕು ಅರಚತೊಡಗಿತು. "ಅಣ್ಣಾ, ಡಿಸ್ಕು ಸವ್ದೈತಾ ಅಂತ ಮೆಕ್ಯಾನಿಕ್ಕಿಗೆ ತೋರ್ಸ್ಕೊಂಡ್ ಬಾ" ಎಂದು ನಾಲ್ಕು ಸಲ ಹೇಳಿದಳು. ನಾಲ್ಕನೆಯ ಸಲ ನನಗೆ ರೇಗಿತು. ನಾನೇ ಕೂತು ನೋಡಿದೆ. ಚಕ್ರದ ಪಕ್ಕದ ಆ ಉಕ್ಕಿನ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿರುವುದಕ್ಕೆ ಮೆಕ್ಯಾನಿಕ್ ಯಾಕೆ? ಅಡುಗೆಮನೆಯಿಂದ ಎಣ್ಣೆ ತಂದು ಸುತ್ತಲೂ ಸವರಿ, "ತೋರಿಸ್ದೆ ಕಣಮ್ಮ, ಏನೂ ಆಗಿಲ್ವಂತೆ" ಎಂದುಬಿಟ್ಟೆ. ಸದ್ದು ನಿಂತಿತು. ಸ್ಕೂಟರು ಮಾತ್ರ ನಿಲ್ಲಲಿಲ್ಲ.

ಮರುದಿನ ಮಿಡಿಗೇಶಿಯ ಇಳಿಜಾರಿನಲ್ಲಿ ಅದು ಅವಳನ್ನು ಹೊತ್ತುಕೊಂಡು ನೇರವಾಗಿ ಹುಲ್ಲಿನ ಬಣವೆಗೆ ನುಗ್ಗಿತು. ಮೊಣಕೈ ತರಚಿತ್ತು, ಜಡೆಯ ತುಂಬ ಹುಲ್ಲು. "ಡಿಸ್ಕು ಸರಿಯಾಗೈತೆ ಅಂದ್ಮೇಲೆ ತಪ್ಪು ನಂದೇ. ನಂಗೆ ಗಾಡಿ ಓಡ್ಸಕ್ಕೆ ಬರಲ್ಲ ಬುಡಣ್ಣ, ಇನ್ಮೇಲೆ ಬಸ್ಸೇ ಗತಿ" ಎಂದಳು. ಆಗಲಾದರೂ ನಿಜ ಹೇಳಬೇಕಿತ್ತು. ನಾನು ಮಹಾನುಭಾವ, "ವಸಿ ನಿಧಾನಕ್ಕೆ ಓಡಿಸ್ಬೇಕಮ್ಮ" ಎಂದು ಬುದ್ಧಿ ಹೇಳಿದೆ!

ಒಂದು ವಾರ ಅವಳು ಬಸ್ಸಿನ ಹಿಂದೆ ಓಡುವುದನ್ನು ನೋಡಿದೆ. ಮೊದಲ ಸಂಬಳ ಬಂದಾಗ ಆಸೆಪಟ್ಟು ಕೊಂಡ ಸ್ಕೂಟರನ್ನು ಮಾರಿಬಿಡುವ ಮಾತನ್ನು ಅವಳು ತೆಗೆದಾಗ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. "ಇನ್ನೊಂದ್ಸಲ ತೋರಿಸಾನ ನಡಿ" ಎಂದೆ. ಇಬ್ಬರೂ ತಳ್ಳಿಕೊಂಡು ಬಾಷಾ ಸಾಬರ ಗ್ಯಾರೇಜಿಗೆ ಹೋದೆವು.

ಸಾಬರು ಡಿಸ್ಕಿನ ಮೇಲೆ ಉಗುರು ಎಳೆದರು. ಅಂಚಿನಲ್ಲಿ ಅದು ಟಕ್ಕನೆ ತಡೆಯಿತು. "ನೋಡಿ ಮೇಡಂ, ಉಗುರು ಸಿಕ್ಕೊಳ್ತು. ಮಧ್ಯ ಎಲ್ಲಾ ಸವೆದು ತಗ್ಗಾಗಿದೆ, ಅದಕ್ಕೇ ಈ ಹೊಳಪು." ಆಮೇಲೆ ಬೆರಳು ಮೂಸಿದರು. "ಅರೆ! ಡಿಸ್ಕಿಗೆ ಒಗ್ಗರಣೆ ಹಾಕಿದ್ದು ಯಾರು?"

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ಅಣ್ಣಾ, ಯಾರಿಗೆ ತೋರಿಸ್ದೆ ನೀನು?"

"ಯಾರ್ಗೂ ಇಲ್ಲ ಕಣಮ್ಮ. ನಾನೇ ಎಣ್ಣೆ ಬಿಟ್ಬುಟ್ಟೆ."

"ಅಲ್ಲಿ ಬಣವೆ ಇಲ್ದಿದ್ರೆ?" ಎಂದಳು, ಅಷ್ಟೇ. ನಾನು ಜೇಬಿನಲ್ಲಿದ್ದುದನ್ನೆಲ್ಲ ತೆಗೆದು ಹೊಸ ಡಿಸ್ಕಿಗೆಂದು ಸಾಬರ ಕೈಗಿಟ್ಟೆ.

ಈಗ ಹೊಸ ಡಿಸ್ಕು ಬಂದಿದೆ. ಸುಜಾತ ಮತ್ತೆ ಸ್ಕೂಟರಿನಲ್ಲೇ ಹೋಗುತ್ತಾಳೆ. ಭಾನುವಾರ ಬಂತೆಂದರೆ "ಅಣ್ಣಾ, ಉಗುರು" ಎಂದು ಕೂಗುತ್ತಾಳೆ. ನಾನು ಕುಕ್ಕರಗಾಲಲ್ಲಿ ಕೂತು, ಅವಳ ಕಣ್ಣೆದುರೇ ಡಿಸ್ಕಿನ ಮೇಲೆ ಉಗುರೆಳೆದು ತೋರಿಸಬೇಕು. ಅದೊಂದು ಉಗುರನ್ನು ಕತ್ತರಿಸಿಕೊಳ್ಳುವ ಸ್ವಾತಂತ್ರ್ಯವೂ ನನಗಿಲ್ಲ.

ಮನೆಯ ಬಾಗಿಲು ಮತ್ತೆ ಕಿರ್ರೆನ್ನುತ್ತಿದೆ. ಎಣ್ಣೆ ಡಬ್ಬಿಯನ್ನು ಅಮ್ಮ ಎಲ್ಲೋ ಎತ್ತಿಟ್ಟಿದ್ದಾಳೆ. ಎಲ್ಲಿ ಎಂಬುದು ನನ್ನೊಬ್ಬನನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು.