ಮಾವನ ತೋಪು

ನನ್ನ ಮದುವೆಗೆ ಮುಂಚೆ ಹೆಣ್ಣಿನ ಕಡೆಯ ಸಮಾಚಾರ ತಂದ ಸೋದರಮಾವ ಹೇಳಿದ್ದು ಒಂದೇ ಮಾತು: "ಹುಡುಗಿಯ ಅಪ್ಪ ಆಯುಷ್ಯವೆಲ್ಲ ತೋಪಿನಲ್ಲೇ ಕಳೆದವರಪ್ಪ." ಮಾವಿನ ಹಣ್ಣೆಂದರೆ ಪ್ರಾಣ ಬಿಡುವ ನನಗೆ ಬೇರೆ ವಿವರ ಬೇಕಿರಲಿಲ್ಲ. (ಹುಡುಗಿಯ ಫೋಟೋ ಕೇಳಿದ್ದು ಆಮೇಲೆ. ಇದನ್ನು ನನ್ನ ಹೆಂಡತಿಗೆ ಯಾರೂ ತಿಳಿಸಬಾರದಾಗಿ ವಿನಂತಿ.) ಮಾತುಕತೆ ಮುಗಿದು ಮೊದಲ ಸಲ ಅವರ ಮನೆಗೆ ಹೋದಾಗ ಬಗಲಲ್ಲಿ ದೊಡ್ಡದೊಂದು ಖಾಲಿ ಚೀಲ ಮಡಿಸಿಟ್ಟುಕೊಂಡೇ ಹೋದೆ.

"ಚೀಲ ಯಾಕೆ?" ಎಂದರು ಭಾವೀ ಮಾವ.

"ತೋಪು ನೋಡೋಣ ಅಂತ..."

ಅವರು ಗೋಡೆಯ ಫೋಟೋ ತೋರಿಸಿದರು. ನಡುವೆ ಒಂದು ಫಿರಂಗಿ. ಅದರ ಬಲಕ್ಕೆ ಸಮವಸ್ತ್ರದಲ್ಲಿ ಇವರು, ಎಡಕ್ಕೆ ಮುಖಕ್ಕಿಂತ ಮೀಸೆಯೇ ಹೆಚ್ಚಿದ್ದ ಇನ್ನೊಬ್ಬರು. "ಇದೇ ತೋಪು. ಚೀಲದಲ್ಲಿ ಹಿಡಿಸಲ್ಲ" ಎಂದರು.

ಮಾವಿನ ತೋಪು ಹುಡುಕಿಕೊಂಡು ಹೋದವನಿಗೆ ಹೀಗೆ ಮಾವನ ತೋಪು ಸಿಕ್ಕಿತು.

ಯುದ್ಧ ಮುಗಿದು ವರ್ಷಗಳಾಗಿದ್ದರೂ ಆ ತೋಪು ಸಂಸಾರ ಬಿಟ್ಟು ತೊಲಗಿರಲಿಲ್ಲ. ಅದರ ಪಕ್ಕ ನಿಂತು ನಿಂತು ಮಾವನ ಎಡಗಿವಿ ಹೋಗಿತ್ತು. ಹಾಗಾಗಿ ಆ ಮನೆಯಲ್ಲಿ ಎಲ್ಲರದೂ ಏರುದನಿ. ಇಂದಿಗೂ ನನ್ನ ಹೆಂಡತಿ "ಕಾಫಿ ಆಯ್ತು ಬನ್ರೀ" ಎಂದರೆ ಪಕ್ಕದ ಮನೆಯವರು ಲೋಟ ಹುಡುಕುತ್ತಾರೆ. ತೋಪಿನ ಆಚೆ ನಿಂತಿದ್ದ ಗೆಳೆಯರದು ಬಲಗಿವಿ ಹೋಗಿತ್ತು. ಅವರಿಗೆ ನಮ್ಮ ಮನೆಯಲ್ಲಿ ದೊಡ್ಡಮೀಸೆ ಎಂದೇ ಹೆಸರು.

ನಮ್ಮ ಬಡಾವಣೆಯ ವಾರ್ಷಿಕೋತ್ಸವದಲ್ಲಿ ಮಾಜಿ ಸೈನಿಕರನ್ನು ಅವರವರ ಮನೆಮಂದಿಯೇ ಕೈಹಿಡಿದು ವೇದಿಕೆ ಹತ್ತಿಸಿ ಹೂಗುಚ್ಛ ಕೊಡುತ್ತಿದ್ದರು. ಆವತ್ತು ದೊಡ್ಡಮೀಸೆ ದೂರದಿಂದ ರೈಲಿನಲ್ಲಿ ಬರುತ್ತಿದ್ದರು, ಅವರಿಗೂ ನಾವೇ ಮನೆಮಂದಿ. ಆದರೆ ಹೂವು ಯಾರಿಗೆ ಬೇಕಿತ್ತು? ಇಬ್ಬರಿಗೂ ಬೇಕಾಗಿದ್ದದ್ದು ವರ್ಷಕ್ಕೊಮ್ಮೆ ಸಿಗುವ ಆ ಹರಟೆ. ಮಾವ ಎಡಕ್ಕೆ, ದೊಡ್ಡಮೀಸೆ ಬಲಕ್ಕೆ ಕೂತು, ಉಳಿದ ಒಂದೊಂದು ಕಿವಿಯನ್ನು ಹತ್ತಿರ ತಂದುಕೊಂಡು, ಯಾರ ಭಾಷಣಕ್ಕೂ ಸೊಪ್ಪು ಹಾಕದೆ ಪಿಸುಗುಡುತ್ತಿದ್ದರು.

ಹೀಗಿರಲು ಒಂದು ವರ್ಷ ನಾನು ಸಾಂಸ್ಕೃತಿಕ ಕಾರ್ಯದರ್ಶಿಯಾದೆ. (ಆ ಸಭೆಗೆ ಬಂದಿದ್ದವನು ನಾನೊಬ್ಬನೇ.) ಪದವಿ ಬಂದ ಕೂಡಲೇ ತಲೆಯಲ್ಲಿ ಮಿಂಚೊಂದು ಹೊಳೆಯಿತು: ವೇದಿಕೆಯ ಮೇಲೆ ರಟ್ಟಿನ ತೋಪು!

"ಏನ್ರೀ ಇದು, ಬಚ್ಚಲ ಕೊಳವೆ ತಂದು ನಡುಮನೇಲಿ ಇಟ್ಟಿದೀರಿ?" ಎಂದಳು ಹೆಂಡತಿ.

"ಕೊಳವೆ ಅಲ್ಲ, ಫಿರಂಗಿ. ಇದರ ಬಲಕ್ಕೆ ನಿಮ್ಮಪ್ಪ, ಎಡಕ್ಕೆ ದೊಡ್ಡಮೀಸೆ. ಥೇಟ್ ಫೋಟೋದಲ್ಲಿದ್ದ ಹಾಗೆ."

"ಅಯ್ಯೋ, ಹಾಗೆ ಕೂರಿಸ್ಬೇಡಿ. ಒಬ್ಬರು ಹೇಳಿದ್ದು ಒಬ್ಬರಿಗೆ ಕೇಳ್ಸಲ್ಲ."

"ಯುದ್ಧದಲ್ಲಿ ಹಾಗೇ ತಾನೇ ನಿಂತಿದ್ದು?"

"ಅದಕ್ಕೇ ರೀ ಕೇಳ್ಸದೇ ಇರೋದು!"

ಚರಿತ್ರೆಯ ವಿಷಯದಲ್ಲಿ ಹೆಂಡತಿಯ ಮಾತು ಕೇಳುವ ಗಂಡಸು ನಾನಲ್ಲ. (ಉಳಿದೆಲ್ಲ ವಿಷಯಗಳಲ್ಲಿ ಕೇಳುತ್ತೇನೆ.)

ಆ ಸಂಜೆ ಇಬ್ಬರನ್ನೂ ತೋಪಿನ ಅತ್ತ ಇತ್ತ ಪ್ರತಿಷ್ಠಾಪಿಸಿ, ಆಮೇಲೆ ಎರಡು ಮಾತಾಡಲಿ ಎಂದು ತೋಪಿನ ಬೆನ್ನಿಗೆ ಒಂದು ಮೈಕು ಕಟ್ಟಿಸಿ, ನನ್ನ ಭಾಷಣ ಶುರು ಮಾಡಿದೆ. "ರಣಧುರಂಧರರೇ, ವೈರಿಕುಲಭಯಂಕರರೇ..." ಎನ್ನುವಷ್ಟರಲ್ಲಿ ಬೆನ್ನ ಹಿಂದೆ ಸಿಡಿಲು ಬಡಿದಂತಾಯಿತು.

"ಇನ್ಮೇಲೆ ಬರಲ್ಲ ಕಣೋ!" ದೊಡ್ಡಮೀಸೆಯ ದನಿ.

"ಬೆರಳಾ? ಬೆರಳಿಗೇನಾಯ್ತೋ?" ಮಾವನ ದನಿ.

"ಬೆರಳಲ್ಲ, ಬರಲ್ಲ! ಮಂಡಿ ಸೋತಿದೆ, ರೈಲು ಹತ್ತಕ್ಕಾಗಲ್ಲ! ಇದೇ ಕೊನೆ!"

"ಕೊಡೆನಾ? ನಮ್ಮನೇಲಿದೆ, ತಗೊಂಡು ಹೋಗು!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಬ್ಬೊಬ್ಬರ ನಗುವೇ ಇಳಿಯತೊಡಗಿತು. ಆ ಮೈದಾನದಲ್ಲಿ ಅಷ್ಟು ಹೊತ್ತಿಗೆ ಸುದ್ದಿ ತಿಳಿಯದೆ ಉಳಿದಿದ್ದವರು ಮಾವ ಒಬ್ಬರೇ. ದೊಡ್ಡಮೀಸೆ ಬಾಯಿ ತೆರೆದರು, ಮತ್ತೆ ಕೂಗಲು ಮನಸ್ಸಾಗದೆ ಮುಚ್ಚಿಕೊಂಡರು.

"ದಯವಿಟ್ಟು ನಿಶ್ಶಬ್ದವಾಗಿರಬೇಕು" ಎಂದು ನಾನು ಸೈನಿಕರಿಗೆ ಆಜ್ಞಾಪಿಸಿದೆ.

"ನೀವು ಸುಮ್ನಿರ್ರೀ!" ಮುಂದಿನ ಸಾಲಿನಿಂದ ನನ್ನ ಹೆಂಡತಿ. ಅವಳಿಗೆ ಮೈಕು ಬೇಕಿಲ್ಲ. "ಅಪ್ಪಾ! ಎದ್ದು ಆ ಕಡೆ ಹೋಗಿ ಕೂತ್ಕೋ!"

ಮಾವ ಎದ್ದರು. ಕುರ್ಚಿ ಎತ್ತಿಕೊಂಡರು. ತೋಪು ದಾರಿಗಡ್ಡವಾಗಿತ್ತು, ಒದ್ದರು. ನನ್ನ ಚರಿತ್ರೆ ಮೈಕಿನ ಸಮೇತ ವೇದಿಕೆಯಿಂದ ಉರುಳಿ ಹೂಕುಂಡಗಳ ಮೇಲೆ ಬಿತ್ತು. ಅವರು ಗೆಳೆಯನ ಇನ್ನೊಂದು ಪಕ್ಕಕ್ಕೆ ಹೋಗಿ ಕೂತು, "ಈಗ ಹೇಳು" ಎಂದರು.

ದೊಡ್ಡಮೀಸೆ ಮೆಲ್ಲಗೆ ಹೇಳಿದರು. ಮಾವ ತಮ್ಮ ಹೂಗುಚ್ಛವನ್ನೂ ತೆಗೆದು ಗೆಳೆಯನ ತೊಡೆಯ ಮೇಲಿಟ್ಟರು. ಮೈದಾನವೆಲ್ಲ ಎದ್ದು ನಿಂತಿತು. (ನನ್ನ ಭಾಷಣಕ್ಕೇ ಎದ್ದರೆಂದು ನಾನು ಕೈಮುಗಿದದ್ದೂ ಉಂಟು.)

ಈಗ ಇಬ್ಬರೂ ಇಲ್ಲ. ವಾರ್ಷಿಕೋತ್ಸವಕ್ಕೆ ನಮ್ಮ ಮನೆಯಿಂದ ಎರಡು ಬಿಡಿ ಫೋಟೋ ಹೋಗುತ್ತವೆ. ಅವನ್ನು ಕುರ್ಚಿಯ ಮೇಲಿಡುವವಳು ನನ್ನ ಹೆಂಡತಿ: ಅಪ್ಪ ಎಡಕ್ಕೆ, ದೊಡ್ಡಮೀಸೆ ಬಲಕ್ಕೆ. ನನ್ನನ್ನು ಹತ್ತಿರ ಬಿಡುವುದಿಲ್ಲ. ದೂರ ನಿಂತು ನೋಡುವಾಗಲೆಲ್ಲ ಆ ಸಂಜೆ ನಾವು ಮನೆಗೆ ನಡೆದದ್ದು ನೆನಪಾಗುತ್ತದೆ. ಮುಂದೆ ಅವರಿಬ್ಬರು ಹೆಗಲಿಗೆ ಹೆಗಲು ತಾಗಿಸಿಕೊಂಡು, ಹಿಂದೆ ಸೊಟ್ಟಗಾದ ತೋಪು ಹೊತ್ತ ನಾನು. ಸುಮ್ಮನೆ ಬರಬಹುದಿತ್ತು. ಮಾವನ ಬಲಗಿವಿಯ ಹತ್ತಿರ ಹೋಗಿ ಕೇಳಿಯೇಬಿಟ್ಟೆ:

"ಅಲ್ಲ ಮಾವ, ಅಷ್ಟು ಸದ್ದಾಗುತ್ತೆ ಅಂತ ಗೊತ್ತಿತ್ತಲ್ಲ, ಇಬ್ಬರೂ ಕಿವಿ ಮುಚ್ಕೋಬಾರದಾಗಿತ್ತಾ?"

ಮಾವ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಮ್ಮ ಕೈಲಿ ಗುಂಡಿತ್ತು, ಅಳಿಯಂದಿರೇ. ನಿಮ್ಮ ಕೈ ಖಾಲಿ ಇತ್ತಲ್ಲ, ಬಂದು ಮುಚ್ಚಬೇಕಾಗಿತ್ತು."