ಶಾವಿಗೆ ಪಾಯಸ ಮತ್ತು ನನ್ನ ಕುತ್ತಿಗೆ

ಚರ್ಮದ ಕಾಯಿಲೆಯನ್ನು ಬರಿಗಣ್ಣಲ್ಲಿ ನೋಡಿದವರು ಮುಖ ಸಿಂಡರಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಊಟ ಮರೆಯುತ್ತಾರೆ. ನಾನು ಎರಡನೆಯ ಜಾತಿಗೆ ಸೇರಿದವನು. ಐವತ್ತರ ದಶಕದಲ್ಲಿ ಮೆಡಿಕಲ್ ಕಾಲೇಜಿನ ನನ್ನ ಜೊತೆಯವರೆಲ್ಲ ಹೃದಯ, ಮೆದುಳು ಎಂದು ದೊಡ್ಡ ದೊಡ್ಡದಕ್ಕೆ ಕಣ್ಣು ಹಾಕಿದ್ದಾಗ ನಾನು ಕಜ್ಜಿ, ಹುಳುಕಡ್ಡಿ, ಚಿಬ್ಬುಗಳಲ್ಲಿ ಮುಳುಗಿಹೋಗಿದ್ದೆ. ಕಜ್ಜಿಯ ಹುಳ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಅಲ್ಲೇ ಮೊಟ್ಟೆಯಿಟ್ಟು ಸಂಸಾರ ಹೂಡುವುದನ್ನೂ, ಹುಳುಕಡ್ಡಿಯ ಬೂಷ್ಟು ಕವಲೊಡೆದ ಎಳೆಗಳಾಗಿ ಹಬ್ಬುವುದನ್ನೂ ನಾನು ರಜಕ್ಕೆ ಬಂದಾಗ ಮನೆಯಲ್ಲಿ ವರ್ಣಿಸುತ್ತಿದ್ದರೆ, ಕೆರೆದುಕೊಳ್ಳುವುದಕ್ಕೂ ಇಷ್ಟೊಂದು ಓದಬೇಕೇ ಎಂದು ಅಪ್ಪ ನಿಟ್ಟುಸಿರು ಬಿಡುತ್ತಿದ್ದರು. ಆದರೆ ನಮ್ಮ ಪದ್ಮಕ್ಕನ ಮದುವೆಯನ್ನು ಉಳಿಸಿದ್ದು ಹೃದಯವೂ ಅಲ್ಲ, ಮೆದುಳೂ ಅಲ್ಲ, ಚಿಬ್ಬು. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ. ಕುತ್ತಿಗೆಯ ವಿಷಯ ಆಮೇಲೆ ಹೇಳುತ್ತೇನೆ.

ಆಗಿದ್ದಿಷ್ಟು. ಅಮೃತೂರಿನಿಂದ ಗುಬ್ಬಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಎಲ್ಲ ಒಪ್ಪಿಗೆಯಾಗಿ ಅಕ್ಕ ಬಗ್ಗಿ ನಮಸ್ಕಾರ ಮಾಡುವಾಗ ಅವಳ ಕುತ್ತಿಗೆಯ ಹಿಂದಿದ್ದ ಬಿಳಿಚಿದ ಮಚ್ಚೆಗಳು ಗಂಡಿನ ತಾಯಿಯ ಕಣ್ಣಿಗೆ ಬಿದ್ದವು. ತೊನ್ನಿನ ಹುಡುಗಿ ನಮಗೆ ಬೇಡ ಎಂದು ಮಾರನೆಯ ದಿನವೇ ಹೇಳಿಕಳಿಸಿದರು. ಆ ಕಾಲದಲ್ಲಿ ಇಂಥ ಮಾತು ಒಂದೇ ಮನೆಯಲ್ಲಿ ನಿಲ್ಲುತ್ತಿತ್ತೇ? ಅಮೃತೂರಿನಲ್ಲಿ ಹೊರಟರೆ ತುಮಕೂರಿನಲ್ಲಿ ಬೆಳೆದು, ಇನ್ನು ಯಾವ ಗಂಡೂ ನಮ್ಮ ಹೊಸಲು ತುಳಿಯದ ಹಾಗೆ ಮಾಡುತ್ತಿತ್ತು. ಅಮ್ಮ ಹಾಸಿಗೆ ಹಿಡಿದಳು. ಅಕ್ಕ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಹಿತ್ತಲು ಬಿಟ್ಟು ಈಚೆಗೆ ಬರಲಿಲ್ಲ. ನಾನು ಬೆಳಕಿಗೆ ಕರೆದು ನೋಡಿದೆ. ತೊನ್ನಿನಲ್ಲಿ ಚರ್ಮದ ಬಣ್ಣವೇ ಹೋಗಿರುತ್ತದೆ, ಹೊಟ್ಟು ಏಳುವುದಿಲ್ಲ. ಇದು ಉಗುರು ತಾಗಿದರೆ ಸಣ್ಣಗೆ ತೌಡಿನಂತೆ ಉದುರುತ್ತಿತ್ತು. ಚಿಬ್ಬು, ಅನುಮಾನವೇ ಇಲ್ಲ. ಆದರೆ ಹುಡುಗಿಯ ತಮ್ಮನ ಮಾತನ್ನು ಯಾರು ನಂಬುತ್ತಾರೆ? ಕಣ್ಣಿಗೇ ತೋರಿಸಬೇಕಿತ್ತು.

ತುಮಕೂರಿನಲ್ಲಿ ಪರಿಚಯದ ಮೇಷ್ಟ್ರೊಬ್ಬರನ್ನು ಕಾಡಿಬೇಡಿ ಸೂಕ್ಷ್ಮದರ್ಶಕ ತಂದೆ. ಬಸ್ಸಿನಲ್ಲಿ ಅದರ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರೆ, ಪಕ್ಕದ ಯಜಮಾನರು ಅದನ್ನು ಹಾರ್ಮೋನಿಯಂ ಎಂದುಕೊಂಡು ಗುಬ್ಬಿ ಬರುವವರೆಗೂ ಒಂದು ಹಾಡು ಹೇಳೆಂದು ಪೀಡಿಸಿದರು. ನನ್ನ ಗಂಟಲಿನ ಪುಣ್ಯ, ಊರು ಬೇಗ ಬಂತು.

ಗಂಡಿನ ತಂದೆ ರಂಗಪ್ಪನವರು ಕೊಬ್ಬರಿ ವ್ಯಾಪಾರಸ್ಥರು. ಸಂತೆಗೆ ಬಂದವರನ್ನು ಅಪ್ಪ ಕೈಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಬೇಡಿಕೊಂಡು ಮನೆಗೆ ಕರೆತಂದರು. ಬೆಳಕು ಚೆನ್ನಾಗಿ ಬೀಳಲೆಂದು ನಾನು ಜಗಲಿಯ ಮೇಲೆ ಅಂಗಡಿ ಹೂಡಿದ್ದೆ. ಅಕ್ಕನ ಕುತ್ತಿಗೆಯ ಹೊಟ್ಟನ್ನು ಗಾಜಿನ ಮೇಲೆ ಕೆರೆದು, ಪೊಟ್ಯಾಷ್ ದ್ರಾವಣದ ತೊಟ್ಟು ಬಿಟ್ಟು, ಅದು ನೆಂದು ತಿಳಿಯಾದ ಮೇಲೆ ರಂಗಪ್ಪನವರನ್ನು ಕೂರಿಸಿದೆ. ಅವರು ಮೊದಲು ಬಹಳ ಹೊತ್ತು ತಮ್ಮ ರೆಪ್ಪೆಯ ಕೂದಲನ್ನೇ ನೋಡಿದರು. ಆಮೇಲೆ ಗಕ್ಕನೆ ಬಾಯಿ ತೆರೆದರು.

"ಶಾವಿಗೆ ಚೂರು ಕಣಪ್ಪ! ಮಧ್ಯೆ ಮಧ್ಯೆ ಸಾಬಕ್ಕಿ ಗೊಂಚಲು."

ನನ್ನ ಪ್ರೊಫೆಸರರೂ ಇಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಚಿಬ್ಬಿನ ಬೂಷ್ಟು ಇರುವುದೇ ಹಾಗೆ, ತುಂಡು ತುಂಡು ಎಳೆ, ನಡುವೆ ದುಂಡನೆಯ ಕಣಗಳ ಗುಂಪು. ಥಂಡಿಗೆ ಕೊಬ್ಬರಿಗೆ ಬೂಷ್ಟು ಹಿಡಿಯುವುದಿಲ್ಲವೇ, ಸೆಕೆ ಬೆವರಿಗೆ ಇದೂ ಹಾಗೇ, ಮೇಲೆ ಮೇಲೆ ಇರುತ್ತದೆ, ಒಳಗೆ ಇಳಿಯುವುದಿಲ್ಲ ಎಂದು ವಿವರಿಸಿದೆ. ರಂಗಪ್ಪನವರ ಮುಖ ಸ್ವಲ್ಪ ಸಡಿಲವಾಯಿತು. ಆದರೆ ವ್ಯಾಪಾರದ ಬುದ್ಧಿ ಎಲ್ಲಿಗೆ ಹೋಗುತ್ತದೆ? ಬರೀ ಬೂಷ್ಟಿನ ಮಾಲು ನೋಡಿ ದರ ಕಟ್ಟುವವರಲ್ಲ ಅವರು. ಒಳ್ಳೆಯ ಮಾಲನ್ನೂ ಪಕ್ಕದಲ್ಲಿಟ್ಟು ತೋರಿಸು ಎಂದರು. ಇದಕ್ಕಿಂತ ಸುಲಭ ಏನಿದೆ ಎಂದು ನಾನು ಕಾಲರಿನ ಗುಂಡಿ ಬಿಚ್ಚಿ ನನ್ನ ಕುತ್ತಿಗೆಯನ್ನೇ ಒಡ್ಡಿದೆ. ಮೆಡಿಕಲ್ ಕಾಲೇಜಿನ ಚರ್ಮ! ಅಷ್ಟು ದಿನ ತಲೆ ಎತ್ತದಿದ್ದ ಅಕ್ಕ ಭಾರಿ ಹುರುಪಿನಿಂದ ಕೆರೆದುಕೊಟ್ಟಳು.

ಮೊದಲು ನಾನು ಇಣುಕಿದೆ. ಇಣುಕಿದವನು ಕಣ್ಣು ತೆಗೆಯಲಿಲ್ಲ. ತೆಗೆದರೆ ಇನ್ನೊಬ್ಬರು ನೋಡುತ್ತಾರಲ್ಲ! ರಂಗಪ್ಪನವರು ನನ್ನನ್ನು ಪಕ್ಕಕ್ಕೆ ಸರಿಸಿ ಕೂತರು.

"ಹುಡುಗೀದು ನಾಕು ಎಳೆ ಶಾವಿಗೆ. ಡಾಕ್ಟ್ರದು ಪಾತ್ರೆ ತುಂಬ ಪಾಯಸಾನೇ ಐತಲ್ಲಪ್ಪ!"

ನನಗೆ ಜಗಲಿ ಬಿರಿದು ನುಂಗಬಾರದೇ ಅನ್ನಿಸಿತು. ಅಪ್ಪನ ಮುಖ ಕಪ್ಪಿಟ್ಟಿತು. ಆದರೆ ರಂಗಪ್ಪನವರು ಎದ್ದು ಪಂಚೆ ಕೊಡವಿ, ಅಪ್ಪನ ಕೈ ಹಿಡಿದುಕೊಂಡರು.

"ಇಷ್ಟು ಓದಿರೋ ನಿಮ್ಮ ಮಗನಿಗೇ ಇದು ಇರೋದು ಗೊತ್ತಾಗ್ನಿಲ್ಲ ಅಂದ್ಮೇಲೆ, ಇದೊಂದು ಕಾಯಿಲೆನೇ ಅಲ್ಲ ಬುಡಿ. ಲಗ್ನ ಗೊತ್ತುಮಾಡಿ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೂ ನಕ್ಕೂ ಅತ್ತುಬಿಟ್ಟಳು. ನನ್ನ ವಿದ್ಯೆಯಿಂದ ಆಗದ ಕೆಲಸ ನನ್ನ ಚಿಬ್ಬಿನಿಂದ ಆಗಿತ್ತು. ಫೋಟೋ ಸ್ಟುಡಿಯೋದವರು ಬಳಸುವ ಹೈಪೋ ತರಿಸಿ ನೀರಿನಲ್ಲಿ ಕರಗಿಸಿ, ಅಕ್ಕ ತಮ್ಮ ಇಬ್ಬರೂ ದಿನಾ ಹಚ್ಚಿಕೊಂಡೆವು. ಅವಳದು ಬೇಗ ಮಾಯವಾಯಿತು. ನನ್ನದು ನನ್ನ ಮೇಲಿನ ಅಭಿಮಾನದಿಂದ ಕೊಂಚ ನಿಧಾನ ಮಾಡಿತು.

ಮದುವೆಯ ಊಟಕ್ಕೆ ಶಾವಿಗೆ ಪಾಯಸವನ್ನೇ ಮಾಡಿಸಿದ್ದರು. ಒಂದು ಮದುವೆ ಉಳಿಸಿದ ಭಾವೀ ಡಾಕ್ಟರು ಎಂಬ ಹೆಮ್ಮೆಯಿಂದ ನಾನು ಪಂಕ್ತಿಯ ನಡುವೆ ಎದೆ ಸೆಟೆಸಿ, ಕಾಲರಿನ ಗುಂಡಿ ಹಾಕಿಕೊಂಡು ಕೂತಿದ್ದೆ. ಬಡಿಸುವವನು ನನ್ನ ಎಲೆಗೆ ಬಗ್ಗುವಷ್ಟರಲ್ಲಿ ಎದುರು ಪಂಕ್ತಿಯಿಂದ ಬೀಗರ ದನಿ ಇಡೀ ಚಪ್ಪರಕ್ಕೆ ಕೇಳಿಸಿತು:

"ಡಾಕ್ಟ್ರಿಗೆ ಬೇಡ ಕಣಪ್ಪ, ಮುಂದಕ್ಕೋಗು. ಅವ್ರದು ಅವ್ರ ತಾವೇ ಐತೆ."