ಹಾಸಿಗೆ ಅಂಗಡಿಯ ಭೂವಿಜ್ಞಾನಿ

ಇಪ್ಪತ್ತೆರಡು ವರ್ಷಗಳ ಹಿಂದೆ, ಕಾಲೇಜಿನ ಕೊನೆಯ ದಿನ, ಭೂವಿಜ್ಞಾನದ ಮೇಷ್ಟ್ರು ತಮ್ಮ ತರಗತಿಯ ಏಕೈಕ ವಿದ್ಯಾರ್ಥಿಗೆ ಒಂದು ಮಾತು ಕೊಟ್ಟಿದ್ದರು.

"ಕಲ್ಲಿನ ಕೆಲಸ ಅಂತ ಒಂದು ಎಂದಾದ್ರೂ ನನ್ನ ಕೈಗೆ ಬಂದ್ರೆ, ನಿನ್ನನ್ನ ಕೇಳದೆ ಇನ್ನೊಬ್ಬನಿಗೆ ಕೊಡಲ್ಲ ಕಣೋ. ಇದು ನನ್ನ ಮಾತು."

ವಿದ್ಯಾರ್ಥಿ ಕಣ್ಣೊರೆಸಿಕೊಂಡು ಊರಿಗೆ ಬಂದು ಕಾದ. ಮೊದಲ ವರ್ಷ ಅಂಚೆಯವನನ್ನು ಕಾದ. ಎರಡನೆಯ ವರ್ಷ ಫೋನು ಕಾದ. ಮೂರನೆಯ ವರ್ಷ ಮದುವೆಯಾಯಿತು. ಮದುವೆಯಾದವನಿಗೆ ಕಾಯುವ ಸೌಕರ್ಯ ಎಲ್ಲಿಯದು? ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿ ಸೇರಿಕೊಂಡ.

ಅಂಗಡಿಯಲ್ಲಿ ಅವನಿಗೆ ಬಂಡೆರಾಯ ಎಂದು ಹೆಸರು. ಇಷ್ಟು ಮೆತ್ತನೆಯ ಸರಕು ಮಾರುವವನಿಗೆ ಅಷ್ಟು ಗಟ್ಟಿ ಹೆಸರು ಬಿದ್ದದ್ದು ಅವನ ಬಾಯಿಯ ದೆಸೆಯಿಂದಲೇ. ಗಿರಾಕಿ ಬಂದು ಹಾಸಿಗೆಯ ಮೇಲೆ ಕೈಯಿಟ್ಟರೆ ಸಾಕು, "ನೋಡಿ, ಇದು ಮೂರು ಪದರ. ಮೇಲಿನದು ಈಚಿನದು, ಕೆಳಗಿನದು ಹಳೆಯದು, ಭಾರವೆಲ್ಲ ಕೆಳಗಿನದೇ ಹೊರುತ್ತೆ" ಎಂದು ಭೂಗರ್ಭವನ್ನೇ ಬಿಚ್ಚಿಡುತ್ತಿದ್ದ. "ಹಳೆಯದಾ? ನಮಗೆ ಹೊಸದು ಬೇಕಪ್ಪ" ಎಂದು ಗಿರಾಕಿ ಎದ್ದು ಹೋಗುತ್ತಿದ್ದ.

ಹಾಗಂತ ಅವನೊಬ್ಬನದೇ ಈ ಪಾಡಲ್ಲ. ಆ ಪುಟ್ಟ ಊರಿನಲ್ಲಿ ಓದಿಗೂ ಕೆಲಸಕ್ಕೂ ಇದ್ದ ನಂಟು ಜಗಳವಾಡಿಕೊಂಡ ದಾಯಾದಿಗಳದು: ಎದುರು ಸಿಕ್ಕರೂ ಮುಖ ಆ ಕಡೆಗೆ. ಅಂಗಡಿಯ ಬಿಲ್ ಬರೆಯುವ ಅಕ್ಕ ಓದಿದ್ದು ಪ್ರಾಣಿಶಾಸ್ತ್ರ. ವ್ಯಾನಿನಲ್ಲಿ ಹಾಸಿಗೆ ಸಾಗಿಸುವವನು ಕಾನೂನು ಪದವೀಧರ. ಒಂದು ಕೇಸೂ ಸಿಗದಿದ್ದರೂ ವಕೀಲ ಎಂಬ ಹೆಸರು ಮಾತ್ರ ಸಿಕ್ಕಿತ್ತು. ಪಕ್ಕದ ಟೈಲ್ಸ್ ಅಂಗಡಿಯವನು ಸಂಗೀತದಲ್ಲಿ ಚಿನ್ನದ ಪದಕ ಪಡೆದವನು. ಓದಿದ್ದಕ್ಕೂ ಮಾಡುವುದಕ್ಕೂ ಸರಿಯಾಗಿ ತಾಳೆಯಾಗುತ್ತಿದ್ದದ್ದು ಹಾಸಿಗೆ ಅಂಗಡಿಯ ಮಾಲೀಕರದ್ದೊಂದೇ. ಅವರು ಏನೂ ಓದಿರಲಿಲ್ಲ, ಏನೂ ಮಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಎಂಟಕ್ಕೆ, ಬಂಡೆರಾಯ ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದರ ಜೋಡಿ ಹುಡುಕುತ್ತಿದ್ದಾಗ, ಮೇಷ್ಟ್ರ ಫೋನು ಬಂತು.

"ಏನಯ್ಯಾ, ಇನ್ನೂ ಕಲ್ಲಿನ ಕೆಲಸದಲ್ಲೇ ಇದೀಯಾ?"

ಆ ಧ್ವನಿ ಕೇಳಿದ್ದೇ ತಡ, ಬಂಡೆರಾಯ ತನಗರಿವಿಲ್ಲದೆ ಎದ್ದು ನಿಂತ. ನಿಂತವನ ಬಾಯಿಂದ "ಇದೀನಿ ಸಾರ್" ಎಂದು ಬಂದುಬಿಟ್ಟಿತು. ಬಂದದ್ದಕ್ಕೆ ಒಂದು ಬಾಲವೂ ಸೇರಿತು: "ಒಂದು ಪರೀಕ್ಷಾಲಯದಲ್ಲಿ."

"ಸದ್ಯ! ನಾನು ರಿಟೈರ್ ಆದ ಮೇಲೆ ಒಂದು ಕಲ್ಲುಗಣಿ ಕಂಪನಿಗೆ ಸಲಹೆಗಾರ ಆಗಿದೀನಿ. ಕಲ್ಲು ಪರೀಕ್ಷೆ ಮಾಡೋಕೆ ಅವರಿಗೆ ಒಬ್ಬ ಬೇಕು. ಆದ್ರೆ ಈಗ ಅದೇ ಕೆಲಸದಲ್ಲಿ ಇರೋನೇ ಆಗ್ಬೇಕಂತೆ. ನಾನೇ ಹೋಗಿ ಕಣ್ಣಾರೆ ನೋಡಿ ರುಜು ಹಾಕ್ಬೇಕಂತೆ. ಇವತ್ತು ಮಧ್ಯಾಹ್ನ ಮೂರಕ್ಕೆ ಬರ್ತೀನಿ. ನಿನ್ನ ಪರೀಕ್ಷಾಲಯದ ವಿಳಾಸ ಹೇಳು."

ಬಂಡೆರಾಯ ಹೇಳಿದ. ಹಾಸಿಗೆ ಅಂಗಡಿಯದನ್ನೇ ಹೇಳಿದ. ದಿನಕ್ಕೆ ಹತ್ತು ಬಿಲ್ಲಿನ ಮೇಲೆ ಅದನ್ನೇ ನೋಡಿ ನೋಡಿ ಬೇರೆ ವಿಳಾಸ ಬಾಯಿಗೆ ಬರುತ್ತಲೇ ಇರಲಿಲ್ಲ.

ಎದುರಿಗೆ ಮಗಳು ಕಾಲೇಜಿನ ಅರ್ಜಿ ಹರಡಿಕೊಂಡು ಪೆನ್ನಿನ ತುದಿ ಕಚ್ಚುತ್ತಿದ್ದಳು. ಯಾವ ವಿಷಯ ಓದುವೆ ಎಂಬಲ್ಲಿ ಖಾಲಿ ಜಾಗ. ಒಂದು ವಾರದಿಂದ ಅವಳದು ಒಂದೇ ಪ್ರಶ್ನೆ.

"ಅಪ್ಪಾ, ನೀನು ಓದಿದ್ದು ಏನಕ್ಕೆ ಬಂತು?"

"ಇವತ್ತು ಸಂಜೆ ಹೇಳ್ತೀನಿ ಮಗಳೇ" ಎಂದ ಬಂಡೆರಾಯ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಎದೆಯುಬ್ಬಿಸಿ.

"ಮೊದಲು ಇನ್ನೊಂದು ಸಾಕ್ಸ್ ಎಲ್ಲಿದೆ ಅಂತ ಹೇಳಿ" ಎಂದಳು ಹೆಂಡತಿ ಒಳಗಿನಿಂದ.

ಅಂಗಡಿಗೆ ಬಂದವನು ಬಿಲ್ ಅಕ್ಕನ ಕಿವಿಯಲ್ಲಿ ಮಾತ್ರ ವಿಷಯ ಹಾಕಿದ. ಅವಳ ಕಿವಿಗೆ ಗುಟ್ಟು ಹಾಕುವುದೆಂದರೆ ಮೈಕಿನ ಮುಂದೆ ಪಿಸುಗುಟ್ಟಿದಂತೆ. ಹತ್ತೇ ನಿಮಿಷದಲ್ಲಿ ವಕೀಲ ವ್ಯಾನು ನಿಲ್ಲಿಸಿ ಒಳಗೆ ಬಂದ, ಟೈಲ್ಸಿನವನು ತನ್ನ ಅಂಗಡಿ ಬಿಟ್ಟು ಬಂದ.

"ಸಾರ್‌ಗೆ ನಿಜ ಹೇಳಿಬಿಡ್ತೀನಿ" ಎಂದ ಬಂಡೆರಾಯ.

"ಹೇಳಿ ಏನ್ಮಾಡ್ತೀಯಾ?" ಎಂದಳು ಬಿಲ್ ಅಕ್ಕ. "ಇನ್ನೂ ಇಪ್ಪತ್ತೆರಡು ವರ್ಷ ದಿಂಬು ತಟ್ಕೊಂಡು ಇರ್ತೀಯಾ? ಸುಮ್ನಿರು. ಮಾಲೀಕರು ಊಟ ಮಾಡಿ ಎರಡೂವರೆಗೆ ಪರದೆ ಹಿಂದೆ ಮಲಗಿದ್ರೆ ನಾಲ್ಕೂವರೆವರೆಗೂ ಏಳಲ್ಲ. ಅಷ್ಟರೊಳಗೆ ಇದು ಪರೀಕ್ಷಾಲಯ ಆಗಿ, ಮತ್ತೆ ಅಂಗಡಿನೂ ಆಗಿರುತ್ತೆ."

"ಆದ್ರೂ ಅಕ್ಕಾ..."

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಒಕ್ಕಾಲು ನಿನ್ನ ಹತ್ರ ಇದೆ. ಮುಕ್ಕಾಲು ನಮಗೆ ಬಿಡು."

ಎರಡೂವರೆಗೆ ಮಾಲೀಕರು ಪರದೆಯ ಹಿಂದೆ ಮಲಗಿದರು. ಎರಡು ಮೂವತ್ತೊಂದಕ್ಕೆ ಅಂಗಡಿಯ ಬೋರ್ಡಿನ ಮೇಲೆ ಡಬಲ್ ಬೆಡ್‌ಶೀಟು ಇಳಿಬಿತ್ತು. ಅದರ ಮೇಲೆ ವಕೀಲ ದಪ್ಪ ಅಕ್ಷರದಲ್ಲಿ 'ಶಿಲಾ ಪರೀಕ್ಷಾಲಯ' ಎಂದು ಬರೆದ. ಬರೆದು ಸಮಾಧಾನವಾಗದೆ ಮುಂದೆ 'ಕೇಂದ್ರ' ಎಂದು ಸೇರಿಸಿದ. ಟೈಲ್ಸಿನವನು ಗ್ರಾನೈಟಿನ ತುಂಡುಗಳನ್ನು ತಂದು, "ಒಂದೂ ಮುಕ್ಕಾಗಬಾರದು, ಎಲ್ಲ ಸ್ಯಾಂಪಲ್ಲು" ಎಂದು ಎಚ್ಚರಿಸಿ, ಒಂದೊಂದನ್ನೂ ಒಂದೊಂದು ದಿಂಬಿನ ಮೇಲೆ ಮಲಗಿಸಿದ. ಬಿಲ್ ಅಕ್ಕ ಮನೆಗೆ ಓಡಿ, ತಾನು ಕಪ್ಪೆ ಕೊಯ್ಯುತ್ತಿದ್ದ ಕಾಲದ ಬಿಳಿ ಕೋಟು ತಂದಳು. ಅದರ ತೋಳು ಬಂಡೆರಾಯನಿಗೆ ಮೊಣಕೈವರೆಗೆ ಬಂತು. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಉಸಿರಾಡಿದರೆ ಗುಂಡಿ ನಿಲ್ಲುತ್ತಿರಲಿಲ್ಲ.

"ಅಣ್ಣಾ, ನಾನು ನಿನ್ನ ಸಹಾಯಕ" ಎಂದ ವಕೀಲ. "ಕೆಳಗೆ ಒಬ್ಬ ಇದ್ರೆ ತಾನೇ ನೀನು ಮೇಲೆ?"

"ಬರೀ ಮೇಲೆ ಅಲ್ಲ, ಮುಖ್ಯಸ್ಥ" ಎಂದಳು ಬಿಲ್ ಅಕ್ಕ.

"ಬೇಡ ಅಕ್ಕಾ, ಸಾಧಾರಣ ಕೆಲಸದೋನು ಅಂದ್ರೆ ಸಾಕು."

"ಸಾಧಾರಣದವನನ್ನ ಹುಡುಕ್ಕೊಂಡು ಯಾರಯ್ಯಾ ಬರ್ತಾರೆ? ನೀನು ಬಾಯಿ ಮುಚ್ಕೊಂಡಿರು, ಗುಂಡಿ ಹಾರುತ್ತೆ."

ಮೂರಕ್ಕೆ ಸರಿಯಾಗಿ ಮೇಷ್ಟ್ರು ಕೋಲೂರಿಕೊಂಡು, ಬಟ್ಟೆಚೀಲ ಹಿಡಿದುಕೊಂಡು ಬಂದರು. ಒಳಗೆ ಕಾಲಿಟ್ಟು ಸುತ್ತ ನೋಡಿದರು.

"ಇಷ್ಟೊಂದು ಹಾಸಿಗೆ ಯಾಕಯ್ಯಾ?"

ಬಂಡೆರಾಯ ಕೋಟಿನ ಗುಂಡಿ ಗಟ್ಟಿಯಾಗಿ ಹಿಡಿದುಕೊಂಡ. ವಕೀಲ ಮುಂದೆ ಬಂದು ಕೈಕಟ್ಟಿ ನಿಂತ.

"ಅಲುಗಾಟ ತಡೆಯೋಕೆ ಸಾರ್. ರಸ್ತೆಯಲ್ಲಿ ಲಾರಿ ಹೋದ್ರೂ ಕಲ್ಲಿಗೆ ಗೊತ್ತಾಗಬಾರದು. ಅಷ್ಟು ನಾಜೂಕು ನಮ್ಮ ಮುಖ್ಯಸ್ಥರ ಕೆಲಸ."

"ಓಹೋ! ಮುಖ್ಯಸ್ಥ!" ಮೇಷ್ಟ್ರು ಶಿಷ್ಯನ ಬೆನ್ನು ತಟ್ಟಿದರು. ಒಂದು ಗುಂಡಿ ಹಾರಿ ಎಲ್ಲೋ ಬಿತ್ತು.

ಪರದೆಯ ಹಿಂದಿನಿಂದ ಗೊರ್ರ್ ಎಂದು ಸದ್ದು ಬಂತು.

"ಅದೇನು ಶಬ್ದ?"

"ಕಲ್ಲು ಅರೆಯೋ ಯಂತ್ರ ಸಾರ್" ಎಂದಳು ಬಿಲ್ ಅಕ್ಕ, ಕಣ್ಣು ಮಿಟುಕಿಸದೆ.

"ನಡುನಡುವೆ ನಿಲ್ಲುತ್ತಲ್ಲ?"

"ಹಳೇದು ಸಾರ್. ಗಟ್ಟಿ ಕಲ್ಲು ಸಿಕ್ಕಾಗ ಉಸಿರು ಕಟ್ಟುತ್ತೆ."

ಮೇಷ್ಟ್ರು ತಲೆದೂಗಿ ಚೀಲದಿಂದ ಮುಷ್ಟಿಗಾತ್ರದ ಒಂದು ಬೂದು ಕಲ್ಲು ತೆಗೆದು ಬಂಡೆರಾಯನ ಅಂಗೈಯಲ್ಲಿಟ್ಟರು. "ಗಣಿಯದು. ಇದೇನು ಅಂತ ಹೇಳು."

ಎಷ್ಟು ವರ್ಷಗಳಾಗಿದ್ದವು ಅಂಥ ಕಲ್ಲೊಂದು ಕೈಗೆ ಬಂದು! ಬಂಡೆರಾಯ ಅದನ್ನು ಬೆಳಕಿಗೆ ಹಿಡಿದ, ತೂಗಿ ನೋಡಿದ, ಉಗುರಿನಿಂದ ಕೆರೆದ, ಯಾರಿಗೂ ಕಾಣದಂತೆ ನಾಲಿಗೆಯ ತುದಿಗೂ ತಾಗಿಸಿದ. ಕಿಟಕಿಯ ಹತ್ತಿರ ಹೋಗಿ ನಿಂತವನು ಕೋಟು, ಪರದೆ, ಸುಳ್ಳು ಎಲ್ಲವನ್ನೂ ಮರೆತೇಬಿಟ್ಟ.

"ಮೇಲ್ಮೈ ನೋಡಿ ಒಂದು ಊಹೆ ಇದೆ ಸಾರ್. ಆದ್ರೆ ಒಡೆದು ಒಳಮೈ ನೋಡದೆ ಬಾಯಿ ಬಿಡಬಾರದು. ನೀವೇ ಕಲಿಸಿದ್ದು."

"ಹ್ಞೂಂ" ಎಂದರು ಮೇಷ್ಟ್ರು. ತಿರುಗಿ ವಕೀಲನನ್ನು ನೋಡಿದರು. "ನೀನೇನಂತೀಯಪ್ಪಾ?"

ಎಂಟು ವರ್ಷದಿಂದ ವ್ಯಾನಿಗೆ ಹಾಸಿಗೆ ಏರಿಸುತ್ತ ಬಂಡೆರಾಯನ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿದ್ದವನು ವಕೀಲ. ಕಲ್ಲನ್ನು ತಟ್ಟಿದ, ಅವನು ಹಾಸಿಗೆಯನ್ನೂ ಹಾಗೆಯೇ ತಟ್ಟುವುದು.

"ಮೂರು ಪದರ ಸಾರ್. ಮೇಲಿನದು ಈಚಿನದು, ಕೆಳಗಿನದು ಹಳೆಯದು, ಭಾರವೆಲ್ಲ ಕೆಳಗಿನದೇ ಹೊರುತ್ತೆ. ಒತ್ತಿದ್ರೆ ತಗ್ಗಲ್ಲ, ಬಿಟ್ರೆ ಉಬ್ಬಲ್ಲ. ಹತ್ತು ವರ್ಷಕ್ಕೆ ಗ್ಯಾರಂಟಿ ನಾನು."

"ಭೇಷ್! ಏನು ಧೈರ್ಯ!" ಮೇಷ್ಟ್ರು ಕೋಲನ್ನು ನೆಲಕ್ಕೆ ಕುಟ್ಟಿದರು. "ಯಾರಯ್ಯಾ ಕಲಿಸಿದ್ದು?"

"ನಮ್ಮ ಅಣ್ಣನೇ ಸಾರ್" ಎಂದ ವಕೀಲ. ಆ ಮಧ್ಯಾಹ್ನ ಅವನ ಬಾಯಿಂದ ಬಂದ ಒಂದೇ ನಿಜ ಅದು.

ಆಗಲೇ ಬಾಗಿಲಲ್ಲಿ ಧಡೂತಿ ಹೆಂಗಸೊಬ್ಬರು ಕಾಣಿಸಿಕೊಂಡರು. ಬೋರ್ಡು ಮುಚ್ಚಿದರೇನು, ಅವರು ಹಳೆಯ ಗಿರಾಕಿ. ನೇರ ಬಂದು ನಡುವಿನ ಹಾಸಿಗೆಯ ಮೇಲೆ ಧೊಪ್ಪನೆ ಕೂತು, "ಇದು ಕುಸಿಯುತ್ತಾ ನೋಡೋಣ" ಎಂದು ಎರಡು ಸಲ ಮೇಲೆ ಕೆಳಗೆ ಆಡಿದರು. ದಿಂಬಿನ ಮೇಲೆ ಮಲಗಿದ್ದ ಗ್ರಾನೈಟಿನ ತುಂಡು ಚಂಗನೆ ನೆಗೆದು, ಪರದೆಯ ಅಡಿಯಲ್ಲಿ ನುಸುಳಿ ಮಾಯವಾಯಿತು.

ಯಂತ್ರ ನಿಂತಿತು.

"ಅಯ್ಯಯ್ಯೋ ಕಾಲು!" ಎಂದಿತು ಯಂತ್ರ.

ಪರದೆ ಸರಿಸಿಕೊಂಡು ಮಾಲೀಕರು ಕುಂಟುತ್ತ ಹೊರಗೆ ಬಂದರು. ಕೆನ್ನೆಯ ಮೇಲೆ ದಿಂಬಿನ ಗೆರೆ, ಭುಜದ ಮೇಲೆ ಹೊದಿಕೆ. ಬಂಡೆರಾಯನಿಗೆ ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು; ಎಷ್ಟಾದರೂ ಅವನ ವಿಷಯವೇ ಅದು.

"ನಮ್ಮ ನಿರ್ದೇಶಕರು ಸಾರ್" ಎಂದಳು ಬಿಲ್ ಅಕ್ಕ. "ಯಂತ್ರದ ರಿಪೇರಿನೂ ಇವರೇ ನೋಡ್ಕೋತಾರೆ."

ಮೇಷ್ಟ್ರು ಕೈಮುಗಿದರು. "ನನ್ನ ಶಿಷ್ಯ ಹೇಗೆ ಕೆಲಸ ಮಾಡ್ತಾನೆ ಅಂತ ಕೇಳೋಣ ಅಂತ."

ಮಾಲೀಕರಿಗೆ ಅರ್ಧ ನಿದ್ದೆ, ಅರ್ಧ ಕಾಲುನೋವು. "ಇವನಾ? ಇಲ್ಲಿ ಎಲ್ಲ ಇವನೇ ಸ್ವಾಮಿ. ನಾನು ಮಲಗಿರ್ತೀನಿ, ಇವನು ನಡೆಸ್ತಾನೆ."

"ನೋಡಿ ಸಾರ್, ನಿರ್ದೇಶಕರೇ ಹೇಳ್ತಿದಾರೆ" ಎಂದು ಬಿಲ್ ಅಕ್ಕ ಕಡೆಯ ಮೊಳೆ ಹೊಡೆದಳು. "ನಮ್ಮ ಮುಖ್ಯಸ್ಥರಿಗೆ ಎಷ್ಟೆಷ್ಟೋ ದೊಡ್ಡ ಕಡೆಯಿಂದ ಕರೆ ಬಂತು. ಇವರು ಕದಲಬೇಕಲ್ಲ! ಇವರು ಹೋದ್ರೆ ಈ ಕೇಂದ್ರಾನೇ ಮುಚ್ಚಿಹೋಗುತ್ತೆ."

"ಹಾಗೇನಿಲ್ಲ ಸಾರ್, ನಾನು ಬೇಕಾದ್ರೆ..." ಎಂದು ಬಂಡೆರಾಯ ಬಾಯಿ ತೆರೆದ. ಉಳಿದ ಗುಂಡಿಯೂ ಹಾರಿತು. ಅದನ್ನು ಹುಡುಕಲು ಬಗ್ಗಿದ.

"ವಿನಯ ನೋಡಿ ವಿನಯ!" ಎಂದರು ಮೇಷ್ಟ್ರು, ಕಣ್ಣು ತುಂಬಿಕೊಂಡು.

ಮಾಲೀಕರು ಅಭ್ಯಾಸಬಲದಿಂದ ಅವರ ಕಂಕುಳಿಗೆ ಒಂದು ದಿಂಬು ತುರುಕಿದರು. "ಇವತ್ತು ದಿಂಬು ಉಚಿತ. ಮತ್ತೆ ಬನ್ನಿ." ಮೇಷ್ಟ್ರು ದಿಂಬು ಅಪ್ಪಿಕೊಂಡು, "ಸಂಜೆ ಫೋನ್ ಮಾಡ್ತೀನಿ ಕಣೋ" ಎಂದು ಹೊರಟರು.

ಆಮೇಲೆ ಬೆಡ್‌ಶೀಟು ಇಳಿಯಿತು, ಅದನ್ನು ಮಾರುವಂತಿರಲಿಲ್ಲ. ಟೈಲ್ಸಿನವನು ಮುಕ್ಕಾದ ಗ್ರಾನೈಟನ್ನು ಎದೆಗವಚಿಕೊಂಡು ಮಾತು ಬಿಟ್ಟ. ಧಡೂತಿ ಹೆಂಗಸು, "ಕುಸಿಯಲ್ಲ, ಆದ್ರೆ ಕಲ್ಲು ಹಾರುತ್ತೆ" ಎಂದು ಎದ್ದು ಹೋದರು. "ಇವತ್ತು ಏನು ಹೋಯ್ತು?" ಎಂದು ಮಾಲೀಕರು ಕೇಳಿದ್ದಕ್ಕೆ ಬಿಲ್ ಅಕ್ಕ, "ಒಂದು ದಿಂಬು, ನೀವೇ ಕೊಟ್ಟಿದ್ದು" ಎಂದಳು. ಆದರೂ ಬಂಡೆರಾಯನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಮೂರು ಕಲ್ಲು ಎತ್ತಿ ನೋಡಿ ಎರಡನ್ನು ಜೇಬಿಗೆ ಹಾಕಿಕೊಂಡ.

ಏಳಕ್ಕೆ ಫೋನು ಬಂತು. ಹೆಂಡತಿ ಒಲೆ ಆರಿಸಿ ಬಂದಳು. ಮಗಳು ಅರ್ಜಿ ಹಿಡಿದು ಪಕ್ಕ ನಿಂತಳು.

"ನೋಡಯ್ಯಾ, ನಿನ್ನನ್ನ ಕೇಳದೆ ಇನ್ನೊಬ್ಬನಿಗೆ ಕೊಡಲ್ಲ ಅಂತ ಮಾತು ಕೊಟ್ಟಿದ್ದೆ. ಅದಕ್ಕೇ ಕೇಳ್ತಾ ಇದೀನಿ" ಎಂದರು ಮೇಷ್ಟ್ರು. "ನಿಜ ಹೇಳ್ತೀನಿ, ನಿನಗೇ ಅಂತ ಬಂದಿದ್ದೆ. ಬಂದು ನೋಡಿದ್ರೆ ನೀನು ಅಷ್ಟು ದೊಡ್ಡ ಕೇಂದ್ರದ ಮುಖ್ಯಸ್ಥ! ನಿರ್ದೇಶಕರೇ ನಿನ್ನ ನಂಬ್ಕೊಂಡು ಇದಾರೆ. ಈ ಚಿಕ್ಕ ಕೆಲಸಕ್ಕೆ ಬಾ ಅಂತ ನಿನ್ನನ್ನ ಯಾವ ಬಾಯಲ್ಲಿ ಕರೀಲಿ? ಆದ್ರೆ ಆ ನಿನ್ನ ಸಹಾಯಕ ಇದಾನಲ್ಲ, ಚುರುಕು. ಅವನಿಗೆ ಕೊಡ್ಲಾ?"

ಬಂಡೆರಾಯ ಬಾಯಿ ತೆರೆದ. ನನಗೇ ಕೊಡಿ ಎನ್ನಬೇಕಾದರೆ ನಾನು ಮುಖ್ಯಸ್ಥನಲ್ಲ ಎನ್ನಬೇಕು. ಮುಖ್ಯಸ್ಥನಲ್ಲ ಎಂದರೆ ಅದು ಕೇಂದ್ರವಲ್ಲ. ಕೇಂದ್ರವಲ್ಲ ಎಂದರೆ ಅವನು ಕಲ್ಲಿನ ಕೆಲಸದಲ್ಲಿಲ್ಲ. ಕಲ್ಲಿನ ಕೆಲಸದಲ್ಲಿಲ್ಲದವನಿಗೆ ಈ ಕೆಲಸವಿಲ್ಲ. ಬಾಯಿ ಮುಚ್ಚಿದ.

"ಅವನು ಓದಿದ್ದು ಸಾರ್..."

"ಏನು ಓದಿದಾನೆ?"

"...ಚೆನ್ನಾಗಿ ಓದಿದಾನೆ ಸಾರ್."

"ಹಾಗಾದ್ರೆ ಕೊಡ್ಲಾ?"

"ಕೊಡಿ ಸಾರ್."

ನಾಳೆಯಿಂದ ವ್ಯಾನಿಗೆ ಹಾಸಿಗೆ ಹೊರುವವನು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಹೆಂಡತಿ ಅವನ ಮುಖ ನೋಡಿ ಮತ್ತೆ ಒಲೆ ಹಚ್ಚಿದಳು.

"ಅಪ್ಪಾ, ಸಂಜೆ ಆಯ್ತು. ಹೇಳು" ಎಂದಳು ಮಗಳು.

"ಕಲ್ಲಿನ ಕೆಲಸ ವಕೀಲನಿಗೆ ಸಿಕ್ತು ಮಗಳೇ."

ಮಗಳು ಒಂದು ಗಳಿಗೆ ಯೋಚಿಸಿ, ಅರ್ಜಿಯ ಖಾಲಿ ಜಾಗದಲ್ಲಿ 'ಕಾನೂನು' ಎಂದು ಬರೆದಳು.

"ಯಾಕೆ?"

"ನನಗೂ ಕಲ್ಲು ಅಂದ್ರೆ ಇಷ್ಟ ಅಪ್ಪಾ."

ಮೇಷ್ಟ್ರು ಅವನನ್ನು ಕೇಳಿಯೇ ಕೆಲಸ ಕೊಟ್ಟರು. ಮಾತು ಉಳಿಸಿಕೊಂಡರು.